ಮೇಡಂ ಇಲ್ಲದ ಗ್ರೂಪಿನಲ್ಲಿ

ನಾನು ಪಾಠ ಮಾಡುವ ಡಿಗ್ರಿ ಕಾಲೇಜಿನಲ್ಲಿ ಪ್ರತಿ ಕ್ಲಾಸಿಗೂ ಎರಡು ವಾಟ್ಸ್ಆ್ಯಪ್ ಗ್ರೂಪ್ ಇರುತ್ತವೆ. ಒಂದರಲ್ಲಿ ಮೇಷ್ಟ್ರುಗಳೂ ಇರುತ್ತೇವೆ. ಅಲ್ಲಿ ಇಂಟರ್ನಲ್ಸ್ ದಿನಾಂಕ, ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ, 'ಓಕೆ ಮ್ಯಾಮ್', ಕೈಮುಗಿದ ಇಮೋಜಿ, ಹಬ್ಬ ಬಂದರೆ ಶುಭಾಶಯದ ಚಿತ್ರ. ಇನ್ನೊಂದರಲ್ಲಿ ನಾವಿರುವುದಿಲ್ಲ. ಬೆಂಗಳೂರಿನ ಕಾಲೇಜು ಹುಡುಗರ ತಲೆಯಲ್ಲಿ ಏನು ಓಡುತ್ತಿದೆ ಅಂತ ತಿಳಿಯಬೇಕಾದರೆ ಆ ಎರಡನೆಯದನ್ನೇ ನೋಡಬೇಕು. ಡಿಗ್ರಿ ಮುಗಿಸಿಕೊಂಡು ಹೋದ ಕೆಲವರು ಆಮೇಲೆ ಎಲ್ಲಾದರೂ ಕಾಫಿಗೆ ಸಿಕ್ಕಾಗ ನಗುತ್ತ ಫೋನು ಮುಂದೆ ಹಿಡಿಯುತ್ತಾರೆ. ಪ್ರಧಾನಿ, ಮುಖ್ಯಮಂತ್ರಿಯಿಂದ ಹಿಡಿದು ಕ್ಯಾಂಟೀನಿನ ಸಾಂಬಾರಿನ ತನಕ ಯಾರನ್ನೂ ಬಿಟ್ಟಿರುವುದಿಲ್ಲ. ನನ್ನನ್ನೂ ಬಿಟ್ಟಿಲ್ಲ. ನಾನು ಮಾತಿನ ನಡುವೆ 'ಅಂದ್ರೆ ಅರ್ಥ ಏನು?' ಅನ್ನುವುದನ್ನು ಯಾರೋ ಸ್ಟಿಕರ್ ಮಾಡಿಟ್ಟಿದ್ದರು. ಚೆನ್ನಾಗಿಯೇ ಇತ್ತು.

ಈ ಮಕ್ಕಳನ್ನೇ ನೋಡಿ ಜನ 'ಈಗಿನ ಹುಡುಗ್ರಿಗೆ ಸಮಾಜದ ಬಗ್ಗೆ ಏನೂ ಇಲ್ಲ, ಬರೀ ರೀಲ್ಸು' ಅನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಈ ಮಾತು ವಾರಕ್ಕೊಮ್ಮೆಯಾದರೂ ಬರುತ್ತದೆ. ನಾನು ಒಪ್ಪುವುದಿಲ್ಲ. ಹಾಗಂತ ಅವರ ಪರವಾಗಿ ವಕಾಲತ್ತು ವಹಿಸಲು ಈ ಬರಹವಲ್ಲ. ಅವರ ಜೊತೆಗೂ ನನ್ನ ಜಗಳವಿದೆ.

ನಾನು ಕಲಿಸುವುದು ರಾಜ್ಯಶಾಸ್ತ್ರ. ಬಿ.ಕಾಂ., ಬಿಸಿಎ ಮಕ್ಕಳಿಗೆ ಸಂವಿಧಾನದ ಪೇಪರನ್ನೂ ತೆಗೆದುಕೊಳ್ಳುತ್ತೇನೆ. ಮಧ್ಯಾಹ್ನ ಊಟವಾದ ಮೇಲಿನ ಪೀರಿಯಡ್ಡು, ಅರವತ್ತು ಎಪ್ಪತ್ತು ತಲೆ, ಹಿಂದಿನ ಎರಡು ಬೆಂಚು ಆಗಲೇ ನಿದ್ದೆಯ ಗಡಿ ದಾಟಿರುತ್ತದೆ. 19ನೇ ವಿಧಿ ಬಂದಾಗ ನಾನು ಮೊದಲು ಕೇಳುವುದು, 'ಮಾತಾಡೋ ಸ್ವಾತಂತ್ರ್ಯ ಇರಬೇಕಾ, ಬೇಡ್ವಾ?' ಎಲ್ಲರೂ ಒಟ್ಟಿಗೆ, 'ಇರ್ಬೇಕು ಮ್ಯಾಮ್.' ಒಂದೆರಡು ಕ್ಷಣ ಬಿಟ್ಟು ಮುಂದಿನ ಬೆಂಚಿನಿಂದ, 'ಆದ್ರೆ ಲಿಮಿಟ್ ಇರ್ಬೇಕು.' ಲಿಮಿಟ್ ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ, ಆದರೆ ಇರಬೇಕು ಅನ್ನುವುದರಲ್ಲಿ ಅನುಮಾನವಿಲ್ಲ. 19(2)ರಲ್ಲಿರುವ ಎಂಟು ಕಾರಣಗಳನ್ನು, ಅಂದರೆ ದೇಶದ ಸಾರ್ವಭೌಮತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಇವನ್ನು ಹತ್ತು ಮಾರ್ಕಿನ ಪ್ರಶ್ನೆಗಾಗಿ ಚಾಚೂ ತಪ್ಪದೆ ಬಾಯಿಪಾಠ ಮಾಡುತ್ತಾರೆ. ಹಕ್ಕು ಒಂದು ಸಾಲು, ನಿರ್ಬಂಧ ಎಂಟು. ಪರೀಕ್ಷೆಗೆ ಯಾವುದು ಬರುತ್ತದೋ ಅದೇ ತಲೆಯಲ್ಲಿ ನಿಲ್ಲುತ್ತದೆ.

ಇದನ್ನು ಸ್ವಲ್ಪ ಕದಡೋಣ ಅಂತ ನಾನು 1950ರ ಕಥೆ ಹೇಳುತ್ತೇನೆ. ಸಂವಿಧಾನ ಜಾರಿಗೆ ಬಂದ ವರ್ಷವೇ ಎರಡು ಪತ್ರಿಕೆಗಳು ಸುಪ್ರೀಂ ಕೋರ್ಟಿಗೆ ಹೋದವು. ಒಂದು ಎಡಪಂಥೀಯ ಒಲವಿನ 'ಕ್ರಾಸ್ ರೋಡ್ಸ್', ಅದನ್ನು ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯದೊಳಗೆ ಬಿಡದೆ ತಡೆದಿತ್ತು. ಇನ್ನೊಂದು ಆರ್‌ಎಸ್‌ಎಸ್ ಒಲವಿನ 'ಆರ್ಗನೈಸರ್', ಅಚ್ಚಿಗೆ ಮುಂಚೆ ನಮಗೆ ತೋರಿಸಿ ಅಂತ ದೆಹಲಿ ಆಡಳಿತ ಅದಕ್ಕೆ ಆಜ್ಞೆ ಮಾಡಿತ್ತು. ಇಬ್ಬರೂ ಗೆದ್ದರು. ಮರುವರ್ಷವೇ, 1951ರಲ್ಲಿ, ನೆಹರೂ ಸರ್ಕಾರ ಮೊದಲ ತಿದ್ದುಪಡಿ ತಂದು ನಿರ್ಬಂಧಗಳ ಪಟ್ಟಿಯನ್ನು ಹಿಗ್ಗಿಸಿತು. ಈ ಕಥೆ ಕೇಳಿದಾಗ ಕ್ಲಾಸಿನ ಎರಡೂ ಪಕ್ಷದವರಿಗೆ ಕಸಿವಿಸಿಯಾಗುತ್ತದೆ. ನಮ್ಮವರು ಮಾತ್ರ ತುಳಿತಕ್ಕೊಳಗಾದವರು ಅಂದುಕೊಂಡಿದ್ದವರಿಗೆ, ಪಕ್ಕದ ಕಟಕಟೆಯಲ್ಲಿ ಅವರೂ ನಿಂತಿದ್ದರಲ್ಲ ಅನ್ನುವುದು ಜೀರ್ಣವಾಗುವುದು ಕಷ್ಟ. ಆ ಹೊತ್ತಿಗೆ ಹಿಂದಿನ ಬೆಂಚೂ ಕಣ್ಣು ಬಿಟ್ಟಿರುತ್ತದೆ.

ಇದಕ್ಕಿಂತ ಗಟ್ಟಿಯಾಗಿ ತಾಗುವುದು ಐಟಿ ಕಾಯ್ದೆಯ 66ಎ ಕಥೆ, ಆನ್‌ಲೈನಿನಲ್ಲಿ ಬರೆದದ್ದಕ್ಕೆ ಜೈಲಿಗೆ ಕಳಿಸಬಹುದಾಗಿದ್ದ ಸೆಕ್ಷನ್ನು. 2012ರ ನವೆಂಬರ್, ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರಿನ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು, ಇಬ್ಬರನ್ನೂ ಪೊಲೀಸರು ಹಿಡಿದರು. ಕಾನೂನು ಓದಲು ಹೊರಟಿದ್ದ ಶ್ರೇಯಾ ಸಿಂಘಾಲ್ ಎಂಬ ಯುವತಿ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಆ ಸೆಕ್ಷನ್ನನ್ನೇ ಕಿತ್ತುಹಾಕಿತು. ನನ್ನ ಲೆಕ್ಕದಲ್ಲಿ ಇದು ಹುರುಪು ಕೊಡುವ ಕಥೆ. ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಒಂದು ಕಾನೂನನ್ನೇ ಮಗುಚಿಹಾಕಿದಳು ನೋಡಿ ಅಂತ ಹೇಳಿ ಮುಗಿಸುತ್ತೇನೆ. ಸೆಮಿಸ್ಟರ್ ಕೊನೆಯಲ್ಲಿ ಕೇಳಿದರೆ ತೀರ್ಪು ಯಾರಿಗೂ ನೆನಪಿರುವುದಿಲ್ಲ. ನೆನಪಿರುವುದು ಒಂದೇ: 'ಲೈಕ್ ಒತ್ತಿದ್ದಕ್ಕೆ ಅರೆಸ್ಟ್ ಮಾಡಿದ್ರಲ್ಲ, ಅದಾ ಮ್ಯಾಮ್?'

ಮೊದಮೊದಲು ಬೇಸರವಾಗುತ್ತಿತ್ತು. ಈಗ ಅನಿಸುತ್ತದೆ, ಅವರು ಕಥೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ. ಗೆಲುವು ಬಂದದ್ದು ಎರಡು ವರ್ಷದ ಮೇಲೆ, ದೆಹಲಿಯಲ್ಲಿ. ಪೊಲೀಸ್ ಜೀಪು ಬಂದದ್ದು ಮನೆ ಬಾಗಿಲಿಗೆ, ತಕ್ಷಣ. 2021ರ ಫೆಬ್ರವರಿಯಲ್ಲಿ ನಮ್ಮದೇ ಊರಿನ ಪರಿಸರ ಕಾರ್ಯಕರ್ತೆ ದಿಶಾ ರವಿಯನ್ನು ರೈತ ಹೋರಾಟದ 'ಟೂಲ್‌ಕಿಟ್' ಎಂಬ ಆನ್‌ಲೈನ್ ದಾಖಲೆಯ ವಿಷಯಕ್ಕೆ ಬೆಂಗಳೂರಿನಿಂದ ದೆಹಲಿಗೆ ಕರೆದೊಯ್ದರು. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು. ಸಾಕ್ಷ್ಯ ಸಾಲದು ಅಂತ ನ್ಯಾಯಾಧೀಶರು ಬರೆದರು. ಆಗ ಹೈಸ್ಕೂಲಿನಲ್ಲಿದ್ದ ಮಕ್ಕಳು ಈಗ ನನ್ನ ಕ್ಲಾಸಿನಲ್ಲಿದ್ದಾರೆ. ಜಾಮೀನಿನ ಆದೇಶದಲ್ಲಿ ಏನು ಬರೆದಿತ್ತು ಅಂತ ಅವರ ಅಪ್ಪ ಅಮ್ಮ ಓದಿಲ್ಲ. ಟಿವಿಯಲ್ಲಿ ಆ ಹುಡುಗಿಯನ್ನು ಕರೆದುಕೊಂಡು ಹೋಗುವುದನ್ನು ನೋಡಿದ್ದಾರೆ, ನೋಡಿ ಮಗಳ ಕಡೆ ತಿರುಗಿ ಒಂದು ಮಾತು ಹೇಳಿದ್ದಾರೆ. ಆ ಮಾತು ಏನಿರಬಹುದು ಅಂತ ಬೆಂಗಳೂರಿನ ಯಾವ ಮನೆಯವರಿಗೂ ವಿವರಿಸಬೇಕಾಗಿಲ್ಲ.

ನನಗೆ ಕಂಡದ್ದು ಇಷ್ಟು. ಈ ಮಕ್ಕಳಿಗೆ ಮಾತಾಡಲು ಹೆದರಿಕೆ ಇಲ್ಲ. ಆಡಿದ ಮಾತು ಎಲ್ಲೋ ಉಳಿದುಬಿಡುತ್ತದೆ ಅನ್ನುವುದೇ ಹೆದರಿಕೆ. ನಮ್ಮ ಕಾಲದಲ್ಲಿ ಟೀ ಅಂಗಡಿ ಕಟ್ಟೆಯ ಮೇಲೆ ಕೂತು ಏನು ಬೇಕಾದರೂ ಒದರಿ ಎದ್ದು ಹೋಗುತ್ತಿದ್ದೆವು. ಮರುದಿನ ಅಭಿಪ್ರಾಯ ಬದಲಾದರೆ ಕೇಳುವವರಿರಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಪೆದ್ದುಪೆದ್ದಾಗಿ ಮಾತಾಡುವ ಸೌಲಭ್ಯ ನಮಗಿತ್ತು, ಇವರಿಗಿಲ್ಲ. 'ಸ್ಕ್ರೀನ್‌ಶಾಟ್ ಆಗುತ್ತೆ ಮ್ಯಾಮ್' ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಚರ್ಚಾಕೂಟಕ್ಕೆ ಹೆಸರು ಕೊಡಿ ಅಂದರೆ ಮೊದಲ ಪ್ರಶ್ನೆ ವಿಷಯ ಏನು ಅಂತ ಅಲ್ಲ, ವಿಡಿಯೋ ಮಾಡ್ತಾರಾ ಅಂತ.

ಒಬ್ಬ ಹುಡುಗಿ ಇದ್ದಳು, ಬಿಸಿಎ, ಓದಿನಲ್ಲಿ ಚುರುಕು. ಇನ್‌ಸ್ಟಾಗ್ರಾಮಿನಲ್ಲಿ ಅವಳಿಗೆ ಎರಡು ಖಾತೆ. ಒಂದು ಹೆಸರಿನದು, ಅದರಲ್ಲಿ ನಂದಿ ಬೆಟ್ಟ, ಅಕ್ಕನ ಮದುವೆ, ಹ್ಯಾಕಥಾನ್ ಸರ್ಟಿಫಿಕೇಟು. ಇನ್ನೊಂದು ಹತ್ತಿಪ್ಪತ್ತು ಗೆಳೆಯರಿಗಷ್ಟೇ ಕಾಣುವುದು, ಅದರಲ್ಲಿ ನಿಜವಾದ ಅವಳು. ಅದೂ ಸ್ಟೋರಿ ಮಾತ್ರ, 24 ಗಂಟೆಯಲ್ಲಿ ಅಳಿದುಹೋಗುವಂಥದ್ದು. 'ಇಷ್ಟೊಂದು ಯಾಕೆ ಹೆದರ್ತೀಯಮ್ಮ?' ಅಂದೆ. ಅವಳು ಭಾವನೆಯಿಂದ ಉತ್ತರ ಕೊಡಲಿಲ್ಲ, ದಾಖಲೆಯಿಂದ ಕೊಟ್ಟಳು. ಕಂಪನಿಗಳು ಕೆಲಸಕ್ಕೆ ಮುಂಚೆ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸುತ್ತವೆ. ಎಂ.ಎಸ್.ಗೆ ಅಮೆರಿಕಕ್ಕೆ ಹೋಗಬೇಕೆಂದರೆ ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳನ್ನು ವೀಸಾ ಅರ್ಜಿಯಲ್ಲಿ ಬರೆಯಬೇಕು, 2019ರಿಂದ ಹಾಗಿದೆ. 2025ರ ಜೂನ್‌ನಲ್ಲಂತೂ ವಿದ್ಯಾರ್ಥಿ ವೀಸಾ ಕೇಳುವವರು ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಅಂತಲೇ ಹೇಳಿದರು. 'ಪ್ಯಾಲೆಸ್ಟೀನ್ ಬಗ್ಗೆ ಒಂದು ಸ್ಟೋರಿ ಹಾಕಿದ್ದೆ ಮ್ಯಾಮ್, ತೆಗೆದುಬಿಟ್ಟೆ. ಅಪ್ಪ ಸೈಟ್ ಮಾರಿ ಓದ್ಸೋಕೆ ರೆಡಿ ಇದಾರೆ. ಒಂದು ಸ್ಟೋರಿಗೋಸ್ಕರ ಸೈಟ್ ಕಳ್ಕೊಳ್ಳೋದಾ?' ವಾಕ್ ಸ್ವಾತಂತ್ರ್ಯದ ದೇಶ ಅಂತ ನಾನು ಕ್ಲಾಸಿನಲ್ಲಿ ಅಮೆರಿಕದ ಮೊದಲ ತಿದ್ದುಪಡಿಯನ್ನು ಹೊಗಳಿದ್ದು ಅವಳಿಗೆ ನೆನಪಿತ್ತೋ ಏನೋ, ಪುಣ್ಯಕ್ಕೆ ಎತ್ತಲಿಲ್ಲ.

ಇನ್ನೊಬ್ಬ, ಕುಣಿಗಲ್ ಕಡೆಯವನು. ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿದ್ದು ಓದಿದವನು, ಈಗ ವಿಜಯನಗರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ತಯಾರಾಗುತ್ತಿದ್ದಾನೆ. 2024ರ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಡವಟ್ಟಾಗಿ, ಡಿಸೆಂಬರ್ 29ರಂದು ಮತ್ತೆ ನಡೆಸಿದ ಪರೀಕ್ಷೆಯಲ್ಲೂ ಅದೇ ಹಾಡಾದಾಗ ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಬೀದಿಗಿಳಿದರಲ್ಲ, ಇವನು ಹೋಗಲಿಲ್ಲ. ಅನ್ಯಾಯವಾದದ್ದು ಇವನಿಗೇ. ಸಿಟ್ಟಿತ್ತು, ವಿವರವೂ ಗೊತ್ತಿತ್ತು. ಯಾವ ಪ್ರಶ್ನೆಯಲ್ಲಿ ಅರ್ಥವೇ ತಿರುಗಿಬಿದ್ದಿದೆ ಅಂತ ಒಂದೊಂದಾಗಿ ಹೇಳಬಲ್ಲ. 'ಹೋಗ್ಬೇಕು ಅಂತ ಇತ್ತು ಮೇಡಂ. ಆದ್ರೆ ಗುಂಪಲ್ಲಿ ನಿಂತಿದ್ದಾಗ ಒಂದು ಕೇಸ್ ಹಾಕಿದ್ರೆ? ನಾಳೆ ಸೆಲೆಕ್ಟ್ ಆದ್ರೂ ಪೊಲೀಸ್ ವೆರಿಫಿಕೇಶನ್‌ನಲ್ಲಿ ಏನ್ ಬರೀತಾರೆ? ಕೇಸ್ ಬಿದ್ದೋಗೋಕೆ ಎಷ್ಟ್ ವರ್ಷ ಬೇಕು? ಅಷ್ಟರಲ್ಲಿ ನಂಗೆ ವಯಸ್ಸು ಮೀರಿರುತ್ತೆ.' ಇದಕ್ಕೆ ನಾನು ಏನು ಹೇಳಲಿ? ನೀನು ಹೇಡಿ ಅನ್ನಲೇ? ಮನೆಯಲ್ಲಿ ಒಂದೂವರೆ ಎಕರೆ, ಮದುವೆಗೆ ಬಂದ ತಂಗಿ, ಅಪ್ಪನಿಗೆ ಮಂಡಿನೋವು. ಅವನ ಸ್ಥಾನದಲ್ಲಿ ನಾನಿದ್ದರೂ ಲೈಬ್ರರಿಯಲ್ಲೇ ಕೂತಿರುತ್ತಿದ್ದೆ.

ಇಲ್ಲಿಂದ ನನಗೆ ಒಂದು ವಿಷಯ ಸ್ಪಷ್ಟವಾಗತೊಡಗಿತು. ಕ್ಲಾಸಿನಲ್ಲಿ ಧೈರ್ಯವಾಗಿ ಮಾತಾಡುವ ಮೂರ್ನಾಲ್ಕು ಜನ ಯಾರು ಅಂತ ನೋಡಿದರೆ, ಮಾತು ಎಡವಿದರೂ ಕೈ ಹಿಡಿಯುವವರಿದ್ದವರು. ಅಪ್ಪನ ವ್ಯಾಪಾರ ಇದೆ, ಚಿಕ್ಕಪ್ಪ ವಕೀಲರು, ಮನೆ ಸ್ವಂತದ್ದು. ಅವರಲ್ಲಿ ಒಬ್ಬಳಂತೂ ಬಹಳ ಚೆನ್ನಾಗಿ ಮಾತಾಡುತ್ತಾಳೆ, ಎಲ್ಲವೂ ನ್ಯಾಯವಾದ ಮಾತೇ. ಆದರೆ 'ಎಲ್ಲರೂ ದನಿ ಎತ್ತಬೇಕು' ಅಂತ ಅವಳು ಹೇಳುವಾಗ ಪಕ್ಕದ ಸಾಲಿನಲ್ಲಿ ಒಬ್ಬ ನೋಟ್‌ಬುಕ್ಕಿನ ಅಂಚಿಗೆ ಪೆನ್ನಿನಿಂದ ಗೀಚುತ್ತಾ ಕೂತಿರುತ್ತಾನೆ. ಫೀಸು ಕಟ್ಟಿಲ್ಲದ್ದರಿಂದ ಹಾಲ್ ಟಿಕೆಟ್ ಸಿಗುತ್ತೋ ಇಲ್ಲವೋ ಅನ್ನುವ ಚಿಂತೆಯಲ್ಲಿ. ಸಂವಿಧಾನ ಇಬ್ಬರಿಗೂ ಒಂದೇ ಹಕ್ಕು ಕೊಟ್ಟಿದೆ. ಅದನ್ನು ಬಳಸಿದರೆ ತೆರಬೇಕಾದ ಬೆಲೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಹಳೆಯ ಕಾಲದವರು ಇಲ್ಲಿಗೆ ಬಂದಾಗ ನಿಟ್ಟುಸಿರು ಬಿಡುತ್ತಾರೆ. ತುರ್ತು ಪರಿಸ್ಥಿತಿ, ಗೋಕಾಕ್ ಚಳವಳಿ, ಆಗಿನ ವಿದ್ಯಾರ್ಥಿಗಳು ಹೇಗಿದ್ದರು ಗೊತ್ತಾ ಅಂತ. ಗೊತ್ತು. ಅದರ ಜೊತೆಗೆ 1973 ಕೂಡ ಗೊತ್ತು. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಅದರ ವಿರುದ್ಧ ಬೀದಿಗಿಳಿದು ಮಂತ್ರಿ ರಾಜೀನಾಮೆ ಕೊಡಲೇಬೇಕೆಂದು ಕೂಗಿದವರಲ್ಲಿ ಮುಂದಿದ್ದದ್ದು ಕಾಲೇಜು ವಿದ್ಯಾರ್ಥಿಗಳೇ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿ ಸ್ಥಾನ ಬಿಟ್ಟರು. ಒಬ್ಬ ದಲಿತ ನಾಯಕ ಸಾಹಿತ್ಯದ ಬಗ್ಗೆ ಒಂದು ಕಹಿ ಅಭಿಪ್ರಾಯ ಹೇಳಿದ್ದನ್ನು ತಡೆದುಕೊಳ್ಳಲು ಅಂದಿನ ವಿದ್ಯಾರ್ಥಿ ಲೋಕಕ್ಕೆ ಆಗಲಿಲ್ಲ. ಆ ಗದ್ದಲದ ಒಡಲಿನಿಂದಲೇ ದಲಿತ ಚಳವಳಿ ಎದ್ದು ಬಂತು ಅನ್ನುವುದು ಬೇರೆ ಮಾತು. ಹಾಗಾಗಿ ಹಿಂದಿನ ತಲೆಮಾರು ಮಾತಿನ ಸ್ವಾತಂತ್ರ್ಯದ ಕಾವಲುಗಾರರಾಗಿದ್ದರು ಅನ್ನುವ ಚಿತ್ರವನ್ನು ನಾನು ಪೂರ್ತಿ ಒಪ್ಪಲಾರೆ. ಗಟ್ಟಿಯಾಗಿ ಕೂಗುವುದು ಒಂದು, ಬೇರೆಯವರ ಮಾತನ್ನು ಸಹಿಸುವುದು ಇನ್ನೊಂದು.

ಒಂದು ಸಲ ಕ್ಲಾಸನ್ನು ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಹಳೆಯ ಸೆಂಟ್ರಲ್ ಜೈಲು ಅದು. ಕಾವಲು ಗೋಪುರ, ಕೆಲವು ಬ್ಯಾರಕ್ಕುಗಳು ಹಾಗೇ ಇವೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಇಲ್ಲೇ ತಿಂಗಳುಗಟ್ಟಲೆ ಅಸ್ತಮಾದಲ್ಲಿ ನರಳಿ, 1977ರ ಜನವರಿಯಲ್ಲಿ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದನ್ನೆಲ್ಲ ಹೇಳುತ್ತಿದ್ದಾಗ ಆಚೆ ಕಡೆ ಯಾವುದೋ ಗುತ್ತಿಗೆ ನೌಕರರ ಧರಣಿ, ಮೈಕು ಕೀರಲು ದನಿ ಮಾಡುತ್ತಿತ್ತು. 2021ರ ಪೊಲೀಸ್ ಆದೇಶದ ಮೇಲೆ ನಗರದಲ್ಲಿ ಪ್ರತಿಭಟನೆ ಇಲ್ಲೇ ಆಗಬೇಕು, ಬೇರೆಲ್ಲೂ ಅಲ್ಲ ಅಂದೆ. ಸಂಚಾರಕ್ಕೆ ತೊಂದರೆ ಅನ್ನುವುದು ಕಾರಣ. ಒಬ್ಬ ಹುಡುಗ ಗೋಪುರದ ಕಡೆ ನೋಡುತ್ತ, 'ಅಂದ್ರೆ ಜೈಲೊಳಗೆ ಹೋಗಿ ಕೂಗ್ಬೇಕು, ಆಮೇಲೆ ಮನೆಗ್ ಬರ್ಬೇಕು. ಮೆಜೆಸ್ಟಿಕ್ಕಿಗೆ ಹತ್ರ, ಅನುಕೂಲ' ಅಂದ. ಎಲ್ಲರೂ ನಕ್ಕರು. ಮತ್ತೊಬ್ಬಳು, 'ಇಲ್ಲಿ ಕೂಗಿದ್ರೆ ಕೇಳಿಸ್ಕೊಳ್ಳೋರು ಯಾರು ಮ್ಯಾಮ್? ಎಲ್ರೂ ಕೂಗಕ್ಕೇ ಬಂದಿದಾರೆ' ಅಂದಳು.

2019ರ ಡಿಸೆಂಬರ್ 19ರಂದು ಟೌನ್ ಹಾಲ್ ಮುಂದೆ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದದ್ದನ್ನೂ, ಆ ದಿನಗಳ 144ನೇ ಸೆಕ್ಷನ್ ಆದೇಶ ಕಾನೂನುಬಾಹಿರ ಅಂತ ಎರಡು ತಿಂಗಳ ಮೇಲೆ ಹೈಕೋರ್ಟ್ ಹೇಳಿದ್ದನ್ನೂ ಹೇಳಿದೆ. ಅದಕ್ಕೂ ಅವರ ಪ್ರತಿಕ್ರಿಯೆ ಮೊದಲಿನದೇ: ಎರಡು ತಿಂಗಳ ಮೇಲೆ.

ಇನ್ನು ನನ್ನ ಜಗಳ. ಸರ್ಕಾರ ತಮ್ಮ ಬಾಯಿ ಮುಚ್ಚಿಸಬಹುದು ಅಂತ ಹೆದರುವ ಇದೇ ಮಕ್ಕಳು, ತಮಗಾಗದವರ ಬಾಯನ್ನು ಅದೇ ಸರ್ಕಾರ ಮುಚ್ಚಿಸಲಿ ಅಂತಲೂ ಬಯಸುತ್ತಾರೆ. ಅವರ ಕಣ್ಣಿಗೆ ಸರ್ಕಾರ ಅಂದರೆ ಒಂದು ಥರ ಗ್ರೂಪ್ ಅಡ್ಮಿನ್. ಯಾರಾದರೂ ಅತಿಯಾಗಿ ಆಡಿದರೆ ಅಡ್ಮಿನ್ ಅವರನ್ನು ತೆಗೆದುಹಾಕಬೇಕು, ಅಷ್ಟೇ. 2021ರ ನವೆಂಬರಿನಲ್ಲಿ ಹಾಸ್ಯಗಾರ ಮುನಾವರ್ ಫಾರೂಕಿಯ ಬೆಂಗಳೂರು ಕಾರ್ಯಕ್ರಮವನ್ನು ಪೊಲೀಸರ ಸೂಚನೆಯ ಮೇಲೆ ರದ್ದು ಮಾಡಿದ್ದು ಸರಿಯೇ ಅಂತ ಕೇಳಿದಾಗ ಕ್ಲಾಸು ಇಬ್ಭಾಗವಾಯಿತು. ಅದೇ ಕ್ಲಾಸಿಗೆ ಹೆಣ್ಣುಮಕ್ಕಳನ್ನು ಕೀಳಾಗಿ ಆಡಿಕೊಳ್ಳುವ ಒಬ್ಬ ಯೂಟ್ಯೂಬರನ ಕಾರ್ಯಕ್ರಮ ರದ್ದು ಮಾಡಬಹುದೇ ಅಂದಾಗ ಇಬ್ಭಾಗದ ಗೆರೆ ಅಡ್ಡಡ್ಡ ತಿರುಗಿತು. ಆಚೆ ಇದ್ದವರು ಈಚೆ, ಈಚೆ ಇದ್ದವರು ಆಚೆ. ನಿಮ್ಮ ನಿಲುವು ಮಾತಿನ ಬಗ್ಗೆಯೋ, ಆಡಿದವರ ಬಗ್ಗೆಯೋ ಅಂತ ಕೇಳಿದೆ. ಉತ್ತರ ಬರುವಷ್ಟರಲ್ಲಿ ಬೆಲ್ ಹೊಡೆಯಿತು. ಬೆಲ್ಲಿಗೆ ಇಷ್ಟು ಕೃತಜ್ಞರಾದ ಕ್ಲಾಸನ್ನು ನಾನು ನೋಡಿರಲಿಲ್ಲ.

ಆದರೆ ನನ್ನ ವಾದದ ಗಾಳಿ ತೆಗೆದ ದಿನವೂ ಒಂದಿದೆ. 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆಗೆ ಒಪ್ಪಿಗೆ ಸಿಕ್ಕಿತಲ್ಲ, ಏಳು ವರ್ಷದವರೆಗೆ ಜೈಲು ಅನ್ನುವ ಮಸೂದೆ, ಅದರ ಮೇಲೆ ಮಾತಾಡುತ್ತಿದ್ದೆವು. ದ್ವೇಷ ಯಾವುದು ಅಂತ ತೀರ್ಮಾನಿಸುವ ಅಧಿಕಾರ ಇವತ್ತು ಒಬ್ಬರ ಕೈಯಲ್ಲಿದ್ದರೆ ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ, ಆಗ ಏನು ಮಾಡುತ್ತೀರಿ ಅಂತ ನಾನು ಹೇಳಿದ್ದು. ಟ್ಯಾನರಿ ರಸ್ತೆಯ ಕಡೆಯಿಂದ ಬರುವ ಒಬ್ಬ ಹುಡುಗಿ ಎದ್ದಳು. ಸಾಮಾನ್ಯವಾಗಿ ಅವಳು ಮಾತಾಡುವುದಿಲ್ಲ. 2020ರ ಆಗಸ್ಟ್ 11ರ ರಾತ್ರಿ ಅವಳಿಗೆ ಹದಿನಾಲ್ಕೋ ಹದಿನೈದೋ. ಒಂದು ಫೇಸ್‌ಬುಕ್ ಪೋಸ್ಟಿನಿಂದ ಶುರುವಾಗಿ ಶಾಸಕರ ಮನೆ, ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಠಾಣೆಗಳ ಮುಂದಿನ ವಾಹನಗಳು ಹೊತ್ತಿ ಉರಿದು, ಗೋಲಿಬಾರಿನಲ್ಲಿ ಜನ ಸತ್ತ ರಾತ್ರಿ ಅದು. ಅವರ ಮನೆಯ ಕಿಟಕಿಗೆ ಅಮ್ಮ ಒದ್ದೆ ಚಾದರ ಕಟ್ಟಿದ್ದರಂತೆ, ಹೊಗೆ ಒಳಗೆ ಬಾರದಿರಲಿ ಅಂತ. ಆಮೇಲೆ ಬೀದಿಯ ಎಷ್ಟೋ ಹುಡುಗರನ್ನು ಪೊಲೀಸರು ಕರೆದುಕೊಂಡು ಹೋದರು. ಅಂಗಡಿಗಳಿಗೆ ತಿಂಗಳುಗಟ್ಟಲೆ ವ್ಯಾಪಾರವಿಲ್ಲ. 'ಪೋಸ್ಟ್ ಹಾಕಿದೋರು ಒಬ್ರು, ಬೆಂಕಿ ಇಟ್ಟೋರು ಇನ್ಯಾರೋ. ನಾವು ಎರಡೂ ಮಾಡಿಲ್ಲ. ಅನುಭವಿಸಿದ್ದು ಮಾತ್ರ ನಾವು. ನಿಮಗೆ ಇದು ಆರ್ಟಿಕಲ್ 19 ಮ್ಯಾಮ್, ನಮಗೆ ನಮ್ಮ ರೋಡು' ಅಂದಳು.

ಮಸೂದೆಯ ಬಗ್ಗೆ ನನ್ನ ಅನುಮಾನ ಹಾಗೇ ಇದೆ. ಆದರೆ ಆ ದಿನದ ನಂತರ ಇದನ್ನು ಬರೀ ತತ್ವದ ಪ್ರಶ್ನೆ ಎಂಬಂತೆ ಬೋರ್ಡಿನ ಮೇಲೆ ಬರೆಯಲು ಕೈ ಬರುವುದಿಲ್ಲ.

ಈ ಮಕ್ಕಳು ನಮಗಿಂತ ಎಷ್ಟೋ ಪಾಲು ಬಿಡುಬೀಸಾಗಿ ಮಾತಾಡುವ ಜಾಗಗಳೂ ಇವೆ, ಅದನ್ನು ಹೇಳದಿದ್ದರೆ ಅನ್ಯಾಯ. 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಮುಟ್ಟಿನ ರಜೆ ಕೊಡುವ ನೀತಿಗೆ ಸಂಪುಟ ಒಪ್ಪಿದಾಗ, ಹುಡುಗರು ಹುಡುಗಿಯರು ಒಟ್ಟಿಗೆ ಕೂತು ಅದರ ಸಾಧಕಬಾಧಕ ಚರ್ಚಿಸಿದರು. ಹೊಟ್ಟೆನೋವು ಹೇಗಿರುತ್ತದೆ ಅಂತ ಒಬ್ಬಳು ವಿವರಿಸುತ್ತಿದ್ದರೆ ಒಬ್ಬ ಹುಡುಗ ಗಂಭೀರವಾಗಿ, 'ಹಂಗಾದ್ರೆ ಕಂಪನಿಯೋರು ಹುಡುಗೀರ್ನ ತಗೊಳ್ಳೋದೇ ಕಮ್ಮಿ ಮಾಡಲ್ವಾ?' ಅಂತ ಕೇಳಿದ. ನಾನು ಓದುವಾಗ ಆ ಪದವನ್ನು ಗೆಳತಿಯ ಕಿವಿಯಲ್ಲಿ ಹೇಳಲೂ ಹಿಂದೆ ಮುಂದೆ ನೋಡುತ್ತಿದ್ದೆವು. ಖಿನ್ನತೆ, ಆತಂಕ, ಮಾತ್ರೆ ತೆಗೆದುಕೊಳ್ಳುತ್ತಿರುವುದು, ಅಪ್ಪ ಅಮ್ಮನ ಜಗಳ, ತಾನು ಸಲಿಂಗಿ ಅನ್ನುವುದು ಕೂಡ, ಇವನ್ನೆಲ್ಲ ಹೇಳಿಕೊಳ್ಳುತ್ತಾರೆ. ಜಾತಿಯ ಬಗ್ಗೆ ಮಾತ್ರ ಮಾತು ನಿಲ್ಲುತ್ತದೆ. ಪಿಜಿ ಹುಡುಕಲು ಹೋದಾಗ 'ವೆಜ್ಜಾ ನಾನ್‌ವೆಜ್ಜಾ' ಅಂತ ಕೇಳುವ ಪ್ರಶ್ನೆಯ ಹಿಂದಿರುವುದು ಏನು ಅಂತ ಎಲ್ಲರಿಗೂ ಗೊತ್ತು, ಕ್ಲಾಸಿನಲ್ಲಿ ಯಾರೂ ಹೇಳುವುದಿಲ್ಲ.

ಅವರ ನಡುವೆ ನಾನು ಕಂಡ ಅತ್ಯಂತ ನಿಜವಾದ ಚರ್ಚೆ 2024ರ ಜುಲೈನದು. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿ, ಉದ್ಯಮಿಗಳು ತಿರುಗಿಬಿದ್ದ ಮೇಲೆ ಒಂದೆರಡು ದಿನದಲ್ಲೇ ಅದನ್ನು ತಡೆಹಿಡಿದರಲ್ಲ, ಆ ವಾರ. ಮೊದಲು ಇಂಗ್ಲಿಷಿನಲ್ಲಿ ಶುರುವಾಯಿತು, ಯಥಾಪ್ರಕಾರ ನಾಲ್ಕು ಜನ ಮಾತಾಡಿದರು. ಕನ್ನಡದಲ್ಲಿ ಹೇಳುವವರು ಹೇಳಿ, ಗೊತ್ತಾಗದವರಿಗೆ ಪಕ್ಕದವರು ತಿಳಿಸಿ ಅಂದೆ. ಕೂಡಲೇ ಮಧ್ಯದ ಬೆಂಚುಗಳಿಂದ ಕೈಗಳು ಮೇಲೆದ್ದವು. ಮಾಗಡಿಯ ಹುಡುಗನೊಬ್ಬ, ಅಪ್ಪನ ಜಮೀನು ಹೋದ ಲೇಔಟಿನ ಗೇಟಿನಲ್ಲೇ ಅಣ್ಣ ಸೆಕ್ಯುರಿಟಿ ಕೆಲಸಕ್ಕೆ ನಿಂತಿದ್ದಾನೆ ಅಂದ. ಬಿಹಾರ ಮೂಲದ ಹುಡುಗ ಇಲ್ಲೇ ಹುಟ್ಟಿ ಬೆಳೆದವನು, ತಪ್ಪುತಪ್ಪು ಕನ್ನಡದಲ್ಲೇ, 'ನನ್ನಪ್ಪ ಈ ಊರಲ್ಲಿ ಟೈಲ್ಸ್ ಹಾಕಿ ಇಪ್ಪತ್ತು ವರ್ಷ. ನಾನು ಯಾವೂರ ಲೋಕಲ್ಲು?' ಅಂದ. ಯಾರೂ ಕಿರುಚಲಿಲ್ಲ. ಮಾಗಡಿಯವನು ಸ್ವಲ್ಪ ಹೊತ್ತು ಬಿಟ್ಟು, 'ನಿನ್ಗಲ್ಲ ಮಚ್ಚಾ, ನಾನು ಕಂಪನಿಯೋರಿಗ್ ಹೇಳ್ತಿರೋದು' ಅಂದ. ಫೋನುಗಳು ಬ್ಯಾಗಿನಲ್ಲಿದ್ದವು. ಯಾರೂ ರೆಕಾರ್ಡ್ ಮಾಡುತ್ತಿರಲಿಲ್ಲ ಅನ್ನುವುದು ಕಾರಣವಿರಬಹುದೇ? ನನಗಂತೂ ಹಾಗನಿಸುತ್ತದೆ.

ಭವಿಷ್ಯದ ಬಗ್ಗೆ ಕೇಳಿದರೆ ಅವರ ಉತ್ತರ ಗಿಡ್ಡ. ಬಿ.ಕಾಂ. ಮುಗಿಸಿ ಹೊರವರ್ತುಲ ರಸ್ತೆಯ ಯಾವುದಾದರೂ ಕಂಪನಿಯಲ್ಲಿ ಬಿಲ್ಲು, ಇನ್‌ವಾಯ್ಸ್ ನೋಡುವ ಕೆಲಸ. ಅದನ್ನೂ ಎಐ ಮಾಡುತ್ತದಂತೆ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಈಗ ಅದೇ ಮಕ್ಕಳ ಸೀನಿಯರ್‌ಗಳು 'ಕೆಲಸ ಕೊಟ್ರೆ ನೂರು ಗಂಟೆ ಮಾಡ್ತೀವಿ' ಅಂತ ಮೆಸೇಜ್ ಹಾಕುತ್ತಾರೆ. ಕೆಲಸ ಸಿಗದ ಪದವೀಧರರಿಗೆ ಸರ್ಕಾರದ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ ಬರುತ್ತದೆ, ಎರಡು ವರ್ಷದವರೆಗೆ. ಪಿಜಿ ಬಾಡಿಗೆಯ ಅರ್ಧಕ್ಕೂ ಸಾಲದು. ದೇಶ ಮುಂದೆ ಬರುತ್ತದೆ ಅಂತ ಬಹಳ ಜನ ನಂಬುತ್ತಾರೆ, ಮನಸ್ಸಿನಿಂದಲೇ ನಂಬುತ್ತಾರೆ. ಅದರಲ್ಲಿ ತಾವು ಎಲ್ಲಿರುತ್ತೇವೆ ಅನ್ನುವಾಗ ಹೆಗಲು ಕುಣಿಸುತ್ತಾರೆ.

1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಹೊಡೆದಾಟ, ಪಕ್ಷಗಳ ದುಡ್ಡು, ಕಾರಣಗಳೇನೂ ಸುಳ್ಳಲ್ಲ. ಆದರೆ ದೇಶವನ್ನು ಆಳುವವರನ್ನು ಆರಿಸಬಲ್ಲವನು ಕಾಲೇಜಿನ ಕಾರ್ಯದರ್ಶಿಯನ್ನು ಆರಿಸಲಾರ ಅನ್ನುವ ವಿಚಿತ್ರ ಸ್ಥಿತಿಯಲ್ಲಿ ಒಂದು ತಲೆಮಾರೇ ಓದಿ ಹೊರಗೆ ಹೋಯಿತು. ಸಿಆರ್, ಅಂದರೆ ಕ್ಲಾಸಿನ ಪ್ರತಿನಿಧಿ ಅನ್ನುವವನನ್ನು ನಾವೇ ನೇಮಿಸುತ್ತೇವೆ. ಅವನ ಕೆಲಸ ಅಟೆಂಡೆನ್ಸ್ ಹಾಳೆ ತರುವುದು. ಮತ್ತೆ ಚುನಾವಣೆ ತರುವ ಮಾತು ಈಚೆಗೆ ಸರ್ಕಾರದ ಕಡೆಯಿಂದ ಕೇಳಿಬಂದಾಗ ಮಕ್ಕಳಲ್ಲಿ ಹೆಚ್ಚಿನವರು ಬೇಡ ಅಂದರು. ದುಡ್ಡಿರೋರು ಗೆಲ್ತಾರೆ, ಜಾತಿ ಬರುತ್ತೆ, ಯಾಕ್ ಬೇಕು ಸುಮ್ನೆ. ವಿಧಾನಸಭೆ ಚುನಾವಣೆಯ ಬಗ್ಗೆಯೂ ಇದೇ ಹೇಳಬಹುದಲ್ಲ ಅಂದೆ. 'ಹೂಂ ಮ್ಯಾಮ್, ಅದೂ ಹೌದು.' ಅವರಿಂದ ವಾದ ಹೊರಡಿಸುವುದು ಕೆಲವೊಮ್ಮೆ ಇಷ್ಟು ಕಷ್ಟ.

ಹಾಗಂತ ಸುಮ್ಮನೆ ಕೂರುವವರೂ ಅಲ್ಲ. ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಲೈಬ್ರರಿಯನ್ನು ನಾಲ್ಕೂವರೆಗೇ ಮುಚ್ಚುತ್ತಿದ್ದರು. ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಅದು ದೊಡ್ಡ ಪೆಟ್ಟು. ಸಂಜೆ ಏಳರವರೆಗೆ ತೆರೆದಿಡಿ ಅಂತ ಪತ್ರ ಬರೆಯಲು ಹೊರಟರು. ಪತ್ರ ಸಿದ್ಧವಾಯಿತು, ಸಹಿಯ ವಿಷಯಕ್ಕೆ ಬಂದು ನಿಂತಿತು. ಮೊದಲ ಸಹಿ ಹಾಕಿದವನೇ ಲೀಡರು ಅಂತಾಗುತ್ತದೆ, ಅವನ ಇಂಟರ್ನಲ್ಸ್ ಗತಿ ಏನು? ಎರಡು ದಿನ ಯೋಚನೆ ಮಾಡಿ ಒಂದು ಉಪಾಯ ಕಂಡುಕೊಂಡರು. ದೊಡ್ಡ ಚಾರ್ಟ್ ಹಾಳೆ ತಂದು, ಕ್ಯಾಂಟೀನಿನ ಸ್ಟೀಲ್ ತಟ್ಟೆಯನ್ನು ಅದರ ಮೇಲೆ ಬೋರಲು ಹಾಕಿ, ಸ್ಕೆಚ್ ಪೆನ್ನಿನಿಂದ ಸುತ್ತ ಗೆರೆ ಎಳೆದರು. ಗೆರೆಯ ಒಳಗೆ ಪತ್ರ ಅಂಟಿಸಿ, ಹೊರಗೆ ಸುತ್ತಲೂ ಸಹಿಗಳು, ಸೂರ್ಯನ ಕಿರಣ ಬಿಡಿಸುತ್ತೇವಲ್ಲ ಹಾಗೆ. ಎಲ್ಲಿ ಶುರು, ಎಲ್ಲಿ ಕೊನೆ, ಗೊತ್ತಾಗುವುದಿಲ್ಲ. ಕುಣಿಗಲ್‌ನವನ ತಮ್ಮನ ವರಸೆಯವನೊಬ್ಬ ಈ ವರ್ಷ ಸೇರಿದ್ದಾನೆ, ಅವನ ಸಹಿಯೂ ಇತ್ತು. ಟ್ಯಾನರಿ ರಸ್ತೆಯ ಹುಡುಗಿಯದು ಉರ್ದುವಿನಲ್ಲಿತ್ತು. ಮೂಲೆಯಲ್ಲೊಂದು ಎಣ್ಣೆ ಕಲೆ.

ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಆಫೀಸಿನವರು ನನ್ನನ್ನು ಕರೆಸಿ, 'ಇದನ್ನ ಶುರು ಮಾಡಿದ್ದು ಯಾರು ಮೇಡಂ?' ಅಂತ ಕೇಳಿದರು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಲೈಬ್ರರಿ ಈಗ ಆರು ಗಂಟೆಯವರೆಗೆ ತೆರೆದಿರುತ್ತದೆ. ಇನ್ನೊಂದು ಗಂಟೆಗಾಗಿ ಹೊಸ ಚಾರ್ಟ್ ಹಾಳೆ ತಂದಿದ್ದಾರೆ ಅಂತ ಸುದ್ದಿ.